ಕೃಷಿ ಸಚಿವರೇ, ಮಳೆಯ ಮೊತ್ತ ಬಿಡಿ, ಮಳೆ ಬಿದ್ದ ದಿನ ಎಣಿಸಿ

ಮಾನ್ಯ ಕೃಷಿ ಸಚಿವರಿಗೆ ನಮಸ್ಕಾರ.

ನಮ್ಮದು ಕಲಬುರಗಿ ಜಿಲ್ಲೆ, ಭೀಮಾ ಹೊಳೆಯ ಹತ್ತಿರ ಎರೆ (ಕಪ್ಪು ಮಣ್ಣಿನ) ಹೊಲ. ಬೆಳೆ ತೊಗರಿ. ನಮ್ಮ ಹಂಗಾಮು ಹೇಗಾಯ್ತು ಅಂತ ತಿಂಗಳ ಮಳೆಯ ಮೊತ್ತ ನೋಡಿ ತೀರ್ಮಾನ ಮಾಡಬೇಡಿ ಎಂದು ಕೇಳಲು ಈ ಪತ್ರ.

ನಮ್ಮಪ್ಪನದು ಮಳೆ ನಕ್ಷತ್ರಗಳ ಲೆಕ್ಕ: ರೋಹಿಣಿ, ಮಿರಗ (ಮೃಗಶಿರ), ಆರಿದ್ರಾ. ಮಿರಗಕ್ಕೆ ಹದವಾದರೆ ಬಿತ್ತನೆ, ಹಸ್ತ, ಚಿತ್ತಾ ಬಂದರೆ ಹಿಂಗಾರಿ ಜೋಳದ ಮಾತು. ಈಗ ಆ ಲೆಕ್ಕ ಕೂಡುತ್ತಿಲ್ಲ. ಬಿತ್ತಿದ ಮೇಲೆ ಮೂರು ವಾರ ಹನಿ ಇಲ್ಲ, ಆಮೇಲೆ ತಿಂಗಳಿಡೀ ಬೀಳಬೇಕಾದ ಮಳೆ ಮೂರೇ ದಿನದಲ್ಲಿ ಸುರಿಯುತ್ತದೆ, ಕಾಗದದಲ್ಲಿ ಎರಡೂ ಸೇರಿ 'ವಾಡಿಕೆ ಮಳೆ' ಆಗಿಬಿಡುತ್ತದೆ. ಹೊಲದಲ್ಲಿ ಅರ್ಧ ಸಸಿ ಆಗಲೇ ಒಣಗಿರುತ್ತದೆ. ಉಳಿದದ್ದರ ಬೇರು ಕೊಳೆಯುತ್ತದೆ, ಯಾಕೆಂದರೆ ಎರೆ ಮಣ್ಣು ನೀರನ್ನು ಬೇಗ ಬಿಡುವುದಿಲ್ಲ, ತೊಗರಿಗೆ ನಿಂತ ನೀರು ಆಗುವುದಿಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿದಿಡಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ.

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಪ್ರವಾಹ. ಆರು ವರ್ಷದೊಳಗೆ ಅದೇ ಹೊಲ ಎರಡು ಸಲ ಮುಳುಗಿ ಒಂದು ಸಲ ಒಣಗಿತು.

ಇನ್ನು ಬೆಳೆ ವಿಮೆ. ಹೊಲ ಮುಳುಗಿದರೆ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು ಅಂತ ನಿಯಮ. 2020ರಲ್ಲಿ ನಮ್ಮೂರಿನ ದಾರಿ ನೀರಲ್ಲಿತ್ತು, ಕರೆಂಟ್ ಇರಲಿಲ್ಲ, ಫೋನುಗಳೆಲ್ಲ ಸತ್ತುಹೋಗಿದ್ದವು. ಅಪ್ಪ ನಾಲ್ಕನೇ ದಿನ ಮೊಣಕಾಲುದ್ದ ಕೆಸರಲ್ಲಿ ನಡೆದು ಪಕ್ಕದ ಊರಿಗೆ ಹೋಗಿ ಫೋನ್ ಮಾಡಿದರು. ಅವಧಿ ಮುಗಿದಿದೆ ಅಂತ ವಿಮೆಯವರು ಅಂದರು. ಅಪ್ಪ ಏನೂ ಮಾತಾಡದೆ ಫೋನ್ ಇಟ್ಟರು. ಆ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಸರ್, ನಿಮ್ಮ ಸರ್ಕಾರದ ಹತ್ತಿರವೇ ಇದಕ್ಕೆ ದಾರಿ ಇದೆ. ಗ್ರಾಮ ಪಂಚಾಯ್ತಿಗಳಲ್ಲಿ ತಾನೇ ಅಳೆದು ಕಳಿಸುವ ಮಳೆಮಾಪಕಗಳಿವೆ, ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ 15 ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ಒಂದು ಪಂಚಾಯ್ತಿಯಲ್ಲಿ ಅತಿ ಮಳೆ ಬಿತ್ತು ಅಂತ ಆ ಯಂತ್ರವೇ ಹೇಳಿದ ಮೇಲೆ ಮುಳುಗಿದ ಊರಿನ ರೈತ ಮತ್ತೆ ಯಾಕೆ ಫೋನ್ ಮಾಡಬೇಕು? ಅದನ್ನೇ ಅಲ್ಲಿನ ಎಲ್ಲ ರೈತರ ದೂರು ಎಂದು ದಾಖಲಿಸಿಕೊಳ್ಳಲಿ. ಮಳೆ ಇಲ್ಲದ ದಿನಗಳನ್ನೂ ಹಾಗೇ ಎಣಿಸಲಿ.

ವಿಮೆ ಯೋಜನೆ ಕೇಂದ್ರದ್ದು, ಗೊತ್ತು. ಆದರೆ ನಮ್ಮ ಪರವಾಗಿ ದೆಹಲಿಯಲ್ಲಿ ಕೇಳಬೇಕಾದವರು ನೀವೇ ಅಲ್ವಾ? ಮುಂದಿನ ಮಿರಗದೊಳಗೆ ಕೇಳಿ.

ಇಂತಿ,
ಭೀಮಾ ತೀರದ ಒಬ್ಬ ತೊಗರಿ ರೈತನ ಮಗ