ರಸ್ತೆ ಅಗಲಿಸುವ ಅಂದಾಜುಪಟ್ಟಿಯಲ್ಲಿ ವೀರಗಲ್ಲಿಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ರಸ್ತೆ ಅಗಲಿಸುವ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಕಡಿಯಬೇಕಾದ ಮರ, ಸರಿಸಬೇಕಾದ ವಿದ್ಯುತ್ ಕಂಬ, ನೀರಿನ ಪೈಪು ಎಲ್ಲಕ್ಕೂ ಲೆಕ್ಕವಿರುತ್ತದೆ. ಊರ ಮುಂದೆ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ವೀರಗಲ್ಲು, ಅಂದರೆ ಕಾಳಗದಲ್ಲಿ ಮಡಿದವನ ನೆನಪಿಗೆ ನೆಟ್ಟ ಕಲ್ಲು, ಆ ಪಟ್ಟಿಗೆ ಬರುವುದು ಅಪರೂಪ. ಹಾಗಾಗಿ ಕೆಲಸ ಶುರುವಾದ ದಿನ ಅದರ ಗತಿ ಜೆಸಿಬಿ ಚಾಲಕನ ಕೈಯಲ್ಲಿರುತ್ತದೆ. ಅವನನ್ನು ದೂರಿ ಪ್ರಯೋಜನವಿಲ್ಲ, ಅವನಿಗೆ ಯಾರೂ ಏನನ್ನೂ ಹೇಳಿರುವುದಿಲ್ಲ.

ಹಳೆಯ ಕಾಳಗಗಳ ನೆನಪಿಗೆ ನಾವು ಹೊಸ ಸ್ಮಾರಕ ಹುಡುಕಿಕೊಂಡು ಹೋಗಬೇಕಿಲ್ಲ. ಮಡಿದವನ ಊರಿನವರೇ ಅಂದು ನೆಟ್ಟುಹೋಗಿದ್ದಾರೆ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸಿಕ್ಕ, ಕ್ರಿ.ಶ. 890ರ ಸುಮಾರಿನ ವೀರಗಲ್ಲು ಶಾಸನದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರದೇ ಇದ್ದಿದ್ದರೆ, ರಾಜಧಾನಿಯ ಹೆಸರು ಅಷ್ಟು ಹಳೆಯದೆಂದು ನಮಗೆ ಗೊತ್ತಾಗುತ್ತಲೇ ಇರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು 949–50ರದು. ಚೋಳರ ಮೇಲೆ ನಡೆದ ತಕ್ಕೋಲದ ಯುದ್ಧದ ಜೊತೆಗೆ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಕಥೆಯನ್ನೂ ಅದು ಹೇಳುತ್ತದೆ. ಆ ಕಲ್ಲಿಗೆ ಭೂಮಿ ಬಿಟ್ಟಿದ್ದರು. ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದೆ ಎಂದೂ ಬರೆಸಿದ್ದರು. ಕಲ್ಲು ನೆಡುವಾಗಲೇ ಅದನ್ನು ನೋಡಿಕೊಳ್ಳುವವನನ್ನೂ ಗೊತ್ತುಮಾಡಿದ್ದರು. ಈ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ಕಲ್ಲನ್ನೂ ಸಂಗ್ರಹಾಲಯಕ್ಕೆ ಒಯ್ಯಲಾಗದು, ಒಯ್ಯಲೂಬಾರದು. ಕಾಳಗ ನಡೆದ ಸೀಮೆಯಲ್ಲೇ ಇದ್ದರೆ ಅದಕ್ಕೊಂದು ಅರ್ಥ. ಸರಿಸಲೇಬೇಕಾದಾಗ ಎಡವಟ್ಟಾಗುವುದು ಹೀಗೆ. 5 ಅಡಿ ಎತ್ತರ, 3 ಅಡಿ ಅಗಲ, 8 ಅಂಗುಲ ದಪ್ಪದ ಕಣಶಿಲೆಯ (ಗ್ರಾನೈಟ್) ಕಲ್ಲು ಹತ್ತಿರ ಹತ್ತಿರ 750 ಕಿಲೋ ತೂಗುತ್ತದೆ. ಎಷ್ಟೋ ಕಡೆ ಅದರ ಬುಡ ನೆಲದೊಳಗೆ ಹೂತಿರುತ್ತದೆ. ಬುಡ ಬಿಡಿಸದೆ ಬಕೆಟ್ಟಿನಿಂದ ಮೇಲ್ಗಡೆ ಒತ್ತಿದರೆ ಕಲ್ಲು ನೆಲಮಟ್ಟದಲ್ಲೇ ಮುರಿಯುತ್ತದೆ. ಹೂತಿರುವುದು ಕೆಳಗಿನ ಕೆತ್ತನೆಯ ಪಟ್ಟಿಕೆ, ಅಂದರೆ ಕಾಳಗದ ದೃಶ್ಯ. ಅಪ್ಸರೆಯರು ವೀರನನ್ನು ಕರೆದೊಯ್ಯುವುದು ನಡುವಿನ ಪಟ್ಟಿಕೆಯಲ್ಲಿ, ಶಿವಲಿಂಗದ ಮುಂದೆ ಅವನು ಕೂತಿರುವುದು ಮೇಲಿನದರಲ್ಲಿ. ಬರಹ ಬಹಳಷ್ಟು ಕಡೆ ಈ ಪಟ್ಟಿಕೆಗಳ ನಡುವಿನ ಅಂಚಿನಲ್ಲಿರುತ್ತದೆ. ಕೆಳಗಿನ ಅಂಚು ಮಣ್ಣುಪಾಲಾದರೆ ಸತ್ತವನ ಹೆಸರೇ ಹೋದೀತು. ಆದ್ದರಿಂದ ಮೊದಲು ನಾಲ್ಕೂ ಬದಿ ಕೈಗುದ್ದಲಿಯಿಂದ ಮಣ್ಣು ಬಿಡಿಸಬೇಕು. ಅಳತೆಪಟ್ಟಿ ಇಟ್ಟು ಫೋಟೋ ತೆಗೆದು, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿತ್ತು, ಜಿಪಿಎಸ್ ಅಂಕಿ ಎಷ್ಟು ಎಂದು ಬರೆದುಕೊಳ್ಳಬೇಕು. ಎತ್ತಲು ಕಬ್ಬಿಣದ ಸರಪಳಿ ಬೇಡ, ಅದು ಅಂಚಿನ ಅಕ್ಷರಗಳನ್ನೇ ತಿನ್ನುತ್ತದೆ. ಅಗಲವಾದ ನೈಲಾನ್ ಬೆಲ್ಟಿನ ಕೆಳಗೆ ಗೋಣಿಚೀಲ ಮಡಿಸಿಟ್ಟು ಎತ್ತಲಿ.

ಮತ್ತೆ ನೆಡುವಾಗ ಸಿಮೆಂಟ್ ಕಟ್ಟೆ ಕಟ್ಟುವುದು ಎಲ್ಲರಿಗೂ ಇಷ್ಟ. ಅದೇ ದೊಡ್ಡ ತಪ್ಪು. ಕಟ್ಟೆಯೊಳಗೆ ಕೆಳಗಿನ ಸಾಲುಗಳು ಮುಚ್ಚಿಹೋಗುತ್ತವೆ. ಸಿಮೆಂಟಿನ ಲವಣ ತೇವದ ಜೊತೆ ಕಲ್ಲಿಗೆ ಏರಿ, ಒಣಗುವಾಗ ಹರಳುಗಟ್ಟಿ, ಮೇಲ್ಮೈಯನ್ನು ಚಕ್ಕೆಚಕ್ಕೆಯಾಗಿ ಎಬ್ಬಿಸುತ್ತದೆ. ಗುಂಡಿಯ ತಳಕ್ಕೆ ಜಲ್ಲಿ, ಮರಳು ಹಾಕಿ, ಸುತ್ತ ಸುಣ್ಣದ ಗಾರೆ ತುಂಬಿ, ಕಡೆಯ ಸಾಲು ನೆಲದಿಂದ ಒಂದು ಗೇಣಾದರೂ ಮೇಲೆ ಬರುವಂತೆ ನಿಲ್ಲಿಸಿದರೆ ಸಾಕು. ಮಳೆನೀರು ಬುಡದಿಂದ ಆಚೆ ಹರಿಯುವಂತೆ ನೆಲಕ್ಕೆ ವಾಟ ಕೊಡಬೇಕು.

ಭಕ್ತಿಯಿಂದ ಬಳಿಯುವ ಸುಣ್ಣ, ಎಣ್ಣೆ, ಇನಾಮೆಲ್ ಬಣ್ಣದ ವಿಷಯವನ್ನೂ ಹೇಳಲೇಬೇಕು. ಬಣ್ಣದ ಪದರ ತೇವವನ್ನು ಒಳಗೇ ಹಿಡಿದಿಡುತ್ತದೆ, ಉದುರುವಾಗ ಕಲ್ಲಿನ ಹೊಟ್ಟನ್ನೂ ಜೊತೆಗೆ ಕಿತ್ತುಕೊಂಡು ಬರುತ್ತದೆ. ಇದನ್ನು ತೆಗೆಯಲು ಆಸಿಡ್, ತಂತಿ ಬ್ರಷ್, ಉಳಿ ಹಿಡಿಯುವವರು ಬಣ್ಣ ಬಳಿದವರಿಗಿಂತ ಹೆಚ್ಚು ಕೆಡಿಸುತ್ತಾರೆ. ಸುಣ್ಣವನ್ನು ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಬಿದಿರಿನ ಕಡ್ಡಿ, ಮೃದು ಬ್ರಷ್‌ನಿಂದ ತಾಳ್ಮೆಯಾಗಿ ತೆಗೆಯಬಹುದು. ಇನಾಮೆಲ್ ಇದ್ದರೆ ಮುಟ್ಟದೆ ತಜ್ಞರಿಗೆ ಬಿಡಿ. ಓದುವುದಕ್ಕೆಂದು ಅಕ್ಷರದೊಳಗೆ ಸೀಮೆಸುಣ್ಣ ತುಂಬುವುದೂ ಬೇಡ. ತಪ್ಪಾಗಿ ತುಂಬಿದ ಅಕ್ಷರ ಫೋಟೋದಲ್ಲಿ ನಿಜವಾಗಿಬಿಡುತ್ತದೆ. ಕತ್ತಲಾದ ಮೇಲೆ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಹಗಲಲ್ಲಿ ಬರೀ ಗೀರಿನಂತಿದ್ದದ್ದು ಸಾಲು ಸಾಲಾಗಿ ಎದ್ದು ಬರುತ್ತದೆ.

ಪಕ್ಕದಲ್ಲೊಂದು ಫಲಕ ಬೇಕು, ಕಲ್ಲಿಗೆ ಮೊಳೆ ಹೊಡೆದಲ್ಲ, ಬೇರೆ ಕಂಬದ ಮೇಲೆ. ‘ಪ್ರಾಚೀನ ವೀರಗಲ್ಲು’ ಎಂದಷ್ಟೇ ಬರೆದ ಫಲಕದಿಂದ ಯಾರಿಗೂ ಉಪಯೋಗವಿಲ್ಲ. ಯಾರು ಸತ್ತರು, ತುರುಗೋಳಿನಲ್ಲೋ (ದನಗಳಿಗಾಗಿ ನಡೆದ ಕಾಳಗ) ಊರಳಿವಿನಲ್ಲೋ (ಊರಿನ ಮೇಲಿನ ದಾಳಿ) ಪೆಣ್ಬುಯ್ಯಲಿನಲ್ಲೋ (ಹೆಣ್ಣಿನ ಮಾನರಕ್ಷಣೆಯ ಹೋರಾಟ), ಆಗ ಆಳುತ್ತಿದ್ದವರು ಯಾರು, ಆ ಮನೆಯವರಿಗೆ ನೆತ್ತರುಗೊಡಗೆಯಾಗಿ (ಮಡಿದವನ ಮನೆಗೆ ಕೊಡುವ ದತ್ತಿ) ಏನು ಕೊಟ್ಟರು ಎಂಬುದನ್ನು ಇಂದಿನ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ದಾಖಲಾಗಿದ್ದರೆ ಸಂಪುಟ, ಶಾಸನ ಸಂಖ್ಯೆ ಹಾಕಿ. ಸರಿಸಿದ ಕಲ್ಲಾದರೆ ಮೊದಲು ಎಲ್ಲಿತ್ತು ಎಂಬುದೂ ಇರಲಿ, ಇಲ್ಲದಿದ್ದರೆ ಮುಂದಿನವರು ಕಾಳಗದ ಜಾಗವನ್ನೇ ತಪ್ಪಾಗಿ ಗುರುತಿಸುತ್ತಾರೆ.

ನಮ್ಮ ವೀರಗಲ್ಲುಗಳಲ್ಲಿ ಹೆಚ್ಚಿನವು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿಲ್ಲ. ಹೀಗಾಗಿ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟಬಾರದು ಎಂಬ ನಿಯಮ ಇವುಗಳ ಕೈ ಹಿಡಿಯುವುದಿಲ್ಲ. ಲೋಕೋಪಯೋಗಿ ಇಲಾಖೆ ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ರಸ್ತೆ ಸರ್ವೆಯ ವೇಳೆ ಎರಡೂ ಬದಿಯ ಶಿಲ್ಪ, ಶಾಸನ, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ವೀರಗಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸಿ. ಟೆಂಡರ್ ಕರೆಯುವ ಮೊದಲೇ ಆ ಪಟ್ಟಿಯನ್ನು ಪುರಾತತ್ವ ಇಲಾಖೆಗೆ ಕಳಿಸಿ. ಎತ್ತಿ ನೆಡುವ ಖರ್ಚು, ಫಲಕದ ಖರ್ಚು ಅಂದಾಜುಪಟ್ಟಿಯಲ್ಲೇ ಸೇರಲಿ. ಕಲ್ಲು ಹೊಸ ಜಾಗದಲ್ಲಿ ನಿಂತ ಫೋಟೋ ಕಡತಕ್ಕೆ ಬರುವವರೆಗೆ ಗುತ್ತಿಗೆದಾರರ ಕೊನೆಯ ಬಿಲ್ ತಡೆಹಿಡಿಯಲಿ.

– ಶಾಸನಾಸಕ್ತ ಓದುಗರು