ಗೇಮಿಂಗ್‌ಗೆ ಓಪನ್ ಬ್ಯಾಕ್ ಹೆಡ್‌ಫೋನೋ, ಕ್ಲೋಸ್ಡ್ ಬ್ಯಾಕೋ?

ಎಲ್ಲರಿಗೂ ನಮಸ್ಕಾರ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದೇ ಕಡೆ ಬರೆದಿಡುತ್ತಿದ್ದೇವೆ. ಪಿನ್ ಮಾಡಿದೆ.

ಮೊದಲು ನೋಡಬೇಕಾದದ್ದು ನೀವು ಆಡುವ ಕೋಣೆ. ಫ್ಯಾನ್ ಸದ್ದಿದ್ದರೆ ಅಥವಾ ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಕಪ್ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ತಗೊಳ್ಳಿ, ಅಲ್ಲಿಗೆ ಮುಗಿಯಿತು. ಓಪನ್ ಬ್ಯಾಕ್‌ನ ಕಪ್ ಹಿಂದೆ ಇರುವುದು ಬರೀ ಜಾಲರಿ. ಹೊರಗಿನ ಸದ್ದು ಒಳಗೆ, ಒಳಗಿನದು ಹೊರಗೆ. ವಾಲ್ಯೂಮ್ ಜೋರಿದ್ದರೆ ಮೈಕ್ ಅದನ್ನು ಹಿಡಿದು, ತಂಡದವರಿಗೆ ಅವರ ಮಾತೇ ತಿರುಗಿ ಕೇಳಿಸುತ್ತದೆ.

ಕೋಣೆ ನಿಶ್ಶಬ್ದವಾಗಿದ್ದರೆ ಓಪನ್ ಬ್ಯಾಕ್‌ಗೇ ನಮ್ಮ ಓಟು. ಡ್ರೈವರ್ (ಕಪ್ ಒಳಗಿನ ಪುಟ್ಟ ಸ್ಪೀಕರ್) ಹಿಂದಿನ ಸದ್ದು ಕಪ್‌ಗೆ ಬಡಿದು ವಾಪಸ್ ಬರುವುದಿಲ್ಲ, ಹಾಗಾಗಿ ಹೆಜ್ಜೆಸದ್ದು ತಲೆಯೊಳಗಲ್ಲ, ಸುತ್ತಲಿನಿಂದ ಬಂದಂತಿರುತ್ತದೆ. ಕಿವಿ ಬೆವರುವುದೂ ಕಡಿಮೆ. ಸ್ಫೋಟದ ಗುಡುಗು ಮಾತ್ರ ಸಾಮಾನ್ಯವಾಗಿ ತೆಳು.

ಕನ್ನಡಕದವರಿಗೆ: ಕ್ಲೋಸ್ಡ್ ಬ್ಯಾಕ್‌ನ ಪ್ಯಾಡ್ ಮತ್ತು ಕೆನ್ನೆಯ ನಡುವೆ ಕನ್ನಡಕದ ಕಡ್ಡಿ ಸಂದು ಮಾಡಿದರೆ ಬೇಸ್ (ತಗ್ಗಿನ ಗುಡುಗು ಸದ್ದು) ಸೋರಿಹೋಗುತ್ತದೆ. ಪ್ಯಾಡನ್ನು ಬೆರಳಿಂದ ಒತ್ತಿ ನೋಡಿ. ಬೇಸ್ ಏರಿದರೆ ಕಾರಣ ಅದೇ. ಮೆತ್ತನೆಯ ವೆಲೂರ್ (ಮಖಮಲ್‌ನಂಥ ಬಟ್ಟೆ) ಪ್ಯಾಡ್ ಕೂರುತ್ತದೆ ಚೆನ್ನಾಗಿ, ಆದರೆ ಬೇಸ್ ತುಸು ಇಳಿಸುತ್ತದೆ.

ಓಮ್ ಸಂಖ್ಯೆ (ಹೆಡ್‌ಫೋನ್‌ನ ವಿದ್ಯುತ್ ತಡೆ) ನೋಡದೆ ಕೊಳ್ಳಬೇಡಿ. ಬೇಯರ್‌ಡೈನಾಮಿಕ್ ಕಂಪನಿಯ ಕ್ಲೋಸ್ಡ್ ಬ್ಯಾಕ್ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಬಂದಿದೆ. ಕಂಟ್ರೋಲರ್‌ಗೆ ನೇರ ಚುಚ್ಚುವವರಿಗೆ 32 ಸಾಕು. 250ಕ್ಕೆ ಆಂಪ್ (ಸಿಗ್ನಲ್‌ಗೆ ಬಲ ಕೊಡುವ ಸಾಧನ) ಇಲ್ಲದಿದ್ದರೆ ವಾಲ್ಯೂಮ್ ತುದಿ ಮುಟ್ಟಿದರೂ ಸದ್ದು ಸಾಲದಿರಬಹುದು.

ಕೊನೆಗೆ, ಆಟದಲ್ಲಿ ಎಚ್‌ಆರ್‌ಟಿಎಫ್ (ಸದ್ದು ಯಾವ ದಿಕ್ಕಿನದೆಂದು ಕಿವಿಗೆ ತೋರಿಸುವ ಸೆಟ್ಟಿಂಗ್) ಆನ್ ಇದ್ದರೆ ಅಂಥದೇ ಕೆಲಸ ಮಾಡುವ ವಿಂಡೋಸ್‌ನ ಸ್ಪೇಷಿಯಲ್ ಸೌಂಡ್ ಆಫ್ ಮಾಡಿ. ಎರಡೂ ಸೇರಿದರೆ ದಿಕ್ಕು ಕಲಸುಮೇಲೋಗರ.