ಒಂದೇ ದಿನದಲ್ಲಿ ಹಾಕಿ ಹೋದ ರೀಫ್ ಟ್ಯಾಂಕ್: ಹಣ ವಾಪಸ್ ಕೋರಿ ದೂರು

ಇವರಿಗೆ,
ಗ್ರಾಹಕ ದೂರು ಅಧಿಕಾರಿಗಳು,
ಅಕ್ವೇರಿಯಂ ಮಾರಾಟ ವಿಭಾಗ, ಬೆಂಗಳೂರು

ಇವರಿಂದ,
ನಿಮ್ಮ ಗ್ರಾಹಕ,
ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ

ವಿಷಯ: ನ್ಯಾನೋ ರೀಫ್ (ಹವಳ ಸಾಕುವ ಸಣ್ಣ ಉಪ್ಪುನೀರಿನ ಅಕ್ವೇರಿಯಂ) ಪ್ಯಾಕೇಜಿನ ಚಿಲ್ಲರ್ (ನೀರು ತಣಿಸುವ ಯಂತ್ರ) ಮತ್ತು ಆರ್‌ಒ-ಡಿಐ (ನೀರನ್ನು ಪೂರ್ತಿ ಶುದ್ಧ ಮಾಡುವ) ಫಿಲ್ಟರ್ ಬಾರದಿರುವುದು, ಉಪ್ಪು ಕಡಿಮೆ ಕೊಟ್ಟಿರುವುದು, ಸೈಕಲ್ ಆಗದ (ಬೇಕಾದ ಬ್ಯಾಕ್ಟೀರಿಯಾ ಇನ್ನೂ ನೆಲೆಯೂರದ) ನೀರಿಗೆ ಮೀನು, ಹವಳ ಬಿಟ್ಟು ಎಲ್ಲವೂ ಸತ್ತಿರುವುದರ ಬಗ್ಗೆ.

ಮಾನ್ಯರೇ,

ನಿಮ್ಮ ವೆಬ್‌ಸೈಟಿನಲ್ಲಿ ಎರಡು ಅಡಿಯ ನ್ಯಾನೋ ರೀಫ್ ಪ್ಯಾಕೇಜ್ ಬುಕ್ ಮಾಡಿದ್ದೆ. ಒಟ್ಟು 68,500 ರೂಪಾಯಿ, ಪೂರ್ತಿ ಮುಂಗಡ. ಈಗ ನಮ್ಮ ಹಾಲ್‌ನಲ್ಲಿ ಗಾಜು ಇದೆ, ಲೈಟು ಇದೆ, ಕಲ್ಲು ಇದೆ, ನೀರಿದೆ. ಜೀವ ಇರುವುದು ಒಂದೂ ಉಳಿದಿಲ್ಲ. ನಿಮ್ಮ ಕಸ್ಟಮರ್ ಕೇರ್‌ನವರನ್ನು ಕೇಳಿದರೆ ಬಂದ ಉತ್ತರ: "ದಾವಣಗೆರೆ ಬಿಸಿಲಿಗೆ ರೀಫ್ ನಿಲ್ಲಲ್ಲ ಸಾರ್. ನೀರೂ ಗಡಸು."

ಪಿನ್ ಕೋಡ್ ಹಾಕಿಸಿಕೊಂಡು, ಡೆಲಿವರಿ ಚಾರ್ಜ್ ಬೇರೆ ತಗೊಂಡು, ಆಮೇಲೆ ಊರಿನ ಮೇಲೆ ತಪ್ಪು ಹಾಕಿದರೆ ಹೇಗೆ? ಬೇಸಿಗೆಯಲ್ಲಿ ದಾವಣಗೆರೆ ಕಾಯುತ್ತದೆ ಅನ್ನೋದು ಯಾರಿಗೂ ಹೊಸ ಸುದ್ದಿ ಅಲ್ಲ. ಅದಕ್ಕೇ ತಾನೇ ನಿಮ್ಮ ಕೊಟೇಶನ್ನಿನಲ್ಲಿ ಚಿಲ್ಲರ್ ಇದ್ದದ್ದು? ಹತ್ತನೇ ಒಂದು ಎಚ್‌ಪಿ ಚಿಲ್ಲರ್, 19,000 ರೂಪಾಯಿ ಅಂತ ಸ್ಪಷ್ಟವಾಗಿ ಬರೆದಿದ್ದೀರಿ. ನಾನು ಅದಕ್ಕೂ ದುಡ್ಡು ಕಟ್ಟಿದ್ದೇನೆ. ಬಂದದ್ದು ಮಾತ್ರ ಗಾಜಿನ ಅಂಚಿಗೆ ಕ್ಲಿಪ್ ಹಾಕುವ ಒಂದು ಸಣ್ಣ ಫ್ಯಾನು. "ಚಿಲ್ಲರ್ ಸ್ಟಾಕ್ ಇಲ್ಲ, ಸದ್ಯಕ್ಕೆ ಇದರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು ನಿಮ್ಮ ಕಡೆಯ ಹುಡುಗ. ನಾನು ಫೋಟೋ ತೆಗೆದು ಅಂದೇ ನಿಮ್ಮ ವಾಟ್ಸ್ಆಪ್ ನಂಬರಿಗೆ ಕಳಿಸಿದ್ದೇನೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಫ್ಯಾನು ಏನೂ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ನೀರು ಆವಿಯಾಗುವಾಗ ಒಂದೆರಡು ಡಿಗ್ರಿ ಇಳಿಯುತ್ತದೆ. ಆದರೆ ಮನೆಯೊಳಗಿನ ಗಾಳಿಯೇ ಬಿಸಿಯಾಗಿದ್ದಾಗ ಅದು ಎಷ್ಟು ಇಳಿಸೀತು? ಹವಳಕ್ಕೆ 24ರಿಂದ 26 ಡಿಗ್ರಿ ಬೇಕು ಅಂತ ನಿಮ್ಮದೇ ಕೈಪಿಡಿಯಲ್ಲಿದೆ. ನಮ್ಮ ಟ್ಯಾಂಕಿನ ಥರ್ಮಾಮೀಟರ್ ಫ್ಯಾನು ಓಡುತ್ತಿದ್ದಾಗಲೇ ಮಧ್ಯಾಹ್ನ 31 ತೋರಿಸುತ್ತಿತ್ತು. ಹವಳದ ಮೈಯೊಳಗೆ ಕಣ್ಣಿಗೆ ಕಾಣದಂಥ ಪಾಚಿ ಇರುತ್ತದೆ. ಬೆಳಕಿನಲ್ಲಿ ಅದು ಮಾಡಿದ ಆಹಾರವೇ ಹವಳಕ್ಕೆ ಮುಖ್ಯ ಊಟ. ಬಿಸಿ ತಡೆಯಲಾಗದಿದ್ದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ, ಮೈ ಬಿಳಿಚಿಕೊಳ್ಳುತ್ತದೆ. ನಮ್ಮ ಜೋವಾಂಥಿಡ್ ಹವಳಗಳಿಗೆ ಆದದ್ದೂ ಇದೇ. ಹಸಿರು, ಕಿತ್ತಳೆ ಬಣ್ಣದಲ್ಲಿ ಬಂದವು ಮಾಸಿದ ಬಿಳಿ ಬಣ್ಣಕ್ಕೆ ತಿರುಗಿ, ಮುಚ್ಚಿಕೊಂಡವು ಮತ್ತೆ ಬಿಚ್ಚಲೇ ಇಲ್ಲ.

ಚಿಲ್ಲರ್ ಒಂದೇ ಆಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಇನ್ನೂ ದೊಡ್ಡ ತಪ್ಪು ಟ್ಯಾಂಕ್ ಕೂಡಿಸಿದ ರೀತಿಯಲ್ಲಿದೆ.

ನಿಮ್ಮ ಹುಡುಗ ಬೆಳಿಗ್ಗೆ ಬಂದರು. ಒಣ ಕಲ್ಲು ಜೋಡಿಸಿ, ಮರಳು ಹಾಸಿ, ನೀರು ತುಂಬಿ, ಉಪ್ಪು ಕಲಸಿ, ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ಬಸವನಹುಳು, ಮೂರು ಬಗೆಯ ಹವಳ, ಎಲ್ಲವನ್ನೂ ಬಿಟ್ಟು ಸಂಜೆ ಬಸ್ಸಿಗೆ ಹೊರಟೇಬಿಟ್ಟರು. ಮೋಲ್ಡ್ ಹಾಕಿದ ದಿನವೇ ಸೆಂಟ್ರಿಂಗ್ ಬಿಚ್ಚಿದ ಹಾಗಾಯ್ತು ಇದು. ಹೊಸ ಟ್ಯಾಂಕಿನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ನೆಲೆಯೂರಬೇಕು. ಒಣ ಕಲ್ಲಿನಲ್ಲಿ ಅದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿವರೆಗೆ ಖಾಲಿ ಟ್ಯಾಂಕ್ ಓಡಿಸಬೇಕು, ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದ ಮೇಲೆ ಮೀನು, ಹವಳ ಕೊನೆಗೆ. ಇದು ಈ ಕಸುಬಿನ ಮೊದಲ ಪಾಠ. ಪಾಠ ಗೊತ್ತಿರಬೇಕಾದವರು ದುಡ್ಡು ತಗೊಂಡವರು ತಾನೇ?

ಅನುಮಾನ ಬಂದು ನಾನೇ ಟೆಸ್ಟ್ ಕಿಟ್ ತರಿಸಿದೆ, ಏಕೆಂದರೆ ಪ್ಯಾಕೇಜಿನಲ್ಲಿ ಅದೂ ಇರಲಿಲ್ಲ. ಹಳದಿ ಇರಬೇಕಾದ ನೀರು ಕಡು ಹಸಿರಾಯಿತು. ಅಮೋನಿಯಾ 2 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 2 ಭಾಗ. ಉಪ್ಪುನೀರಿನ ಪಿಎಚ್ 8.2ರ ಆಸುಪಾಸು ಇರುವುದರಿಂದ ಅಮೋನಿಯಾದ ವಿಷ ಸಿಹಿನೀರಿಗಿಂತ ಇಲ್ಲಿ ಜಾಸ್ತಿ. ಅಷ್ಟೊತ್ತಿಗೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಏದುಸಿರು ಬಿಡುತ್ತಿದ್ದವು. ಹೇಗಾದರೂ ಉಳಿಸಿಕೊಳ್ಳೋಣ ಅಂತ ನಿಮಗೆ ಫೋನ್ ಮಾಡಿದರೆ, "ಭಾನುವಾರ ಟೆಕ್ನಿಷಿಯನ್ ಇರಲ್ಲ" ಅಂದರು. ಮೀನಿಗೆ ಭಾನುವಾರ ಗೊತ್ತಾಗುತ್ತದೆಯೇ?

ಈಗ ಉಪ್ಪಿನ ವಿಷಯ. ನಾನು ಹಾರ್ಡ್‌ವೇರ್ ಅಂಗಡಿಯವನು, ತೂಕ, ಅಳತೆ ನಮ್ಮ ದಿನನಿತ್ಯದ ಕೆಲಸ. ಇದನ್ನು ದಯವಿಟ್ಟು ನಿಮ್ಮ ಟೆಕ್ನಿಕಲ್ ವಿಭಾಗದವರಿಗೆ ತೋರಿಸಿ. ಟ್ಯಾಂಕ್ 24 ಇಂಚು ಉದ್ದ, 15 ಅಗಲ, 15 ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 88 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 75 ಲೀಟರ್ ನೀರು ಹಿಡಿಯುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಪ್ಯಾಕೆಟ್ ಉಪ್ಪಿನಲ್ಲಿ ತೇವಾಂಶ ಇರುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಬೇಕು. ಅಂದರೆ ಹತ್ತಿರ ಹತ್ತಿರ 2.8 ಕೆಜಿ. ನೀವು ಕಳಿಸಿದ್ದು 2 ಕೆಜಿಯ ಒಂದೇ ಪ್ಯಾಕೆಟ್. ಖಾಲಿ ಕವರ್ ಇನ್ನೂ ನನ್ನ ಹತ್ತಿರ ಇದೆ.

ಹಾಗಾದರೆ ಅವತ್ತು ಅಳತೆಯಲ್ಲಿ ಸರಿ ಬಂದದ್ದು ಹೇಗೆ? ಅದನ್ನೂ ಕಣ್ಣಾರೆ ನೋಡಿದ್ದೇನೆ. ನಿಮ್ಮ ಹುಡುಗ ತಂದದ್ದು ನೀರಿನ ಉಪ್ಪು ಅಳೆಯುವ, ಒಳಗೆ ಮುಳ್ಳು ಆಡುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಅದನ್ನು ನೀರಿನಲ್ಲಿ ಜೋರಾಗಿ ಅದ್ದಿ ಎತ್ತಿದರು. ಮುಳ್ಳಿನ ಉದ್ದಕ್ಕೂ ಸಾಸಿವೆ ಗಾತ್ರದ ಗಾಳಿಗುಳ್ಳೆ ಅಂಟಿಕೊಂಡಿತ್ತು. ಒಮ್ಮೆ ತಟ್ಟಿ ಬಿಡಿಸಲೂ ಇಲ್ಲ. ಗುಳ್ಳೆ ಅಂಟಿದರೆ ಮುಳ್ಳು ಮೇಲಕ್ಕೇಳುತ್ತದೆ, ಉಪ್ಪು ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. "1.025, ಪರ್ಫೆಕ್ಟ್" ಅಂತ ಹೇಳಿ (ಶುದ್ಧ ನೀರು 1 ಆದರೆ ಸಮುದ್ರದ ನೀರಿನ ಸಾಂದ್ರತೆ ಸುಮಾರು ಅಷ್ಟು) ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಆಮೇಲೆ ನಾನು ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ತರಿಸಿ, ಅದರ ಜೊತೆ ಬಂದ 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪಿನ) ದ್ರಾವಣದಿಂದ ಸರಿಹೊಂದಿಸಿಕೊಂಡು ನೋಡಿದರೆ 1.019. ಎರಡು ಕೆಜಿ ಉಪ್ಪಿನ ಲೆಕ್ಕಕ್ಕೆ ಸರಿಯಾಗಿ ಕೂರುವ ಅಂಕಿ ಇದು. ಮೀನು ಹೇಗೋ ತಡೆದುಕೊಳ್ಳಬಹುದು, ಸೀಗಡಿ, ಹವಳ ಇಷ್ಟು ಏರುಪೇರು ತಡೆಯುವುದಿಲ್ಲ. ಮೊದಲು ಹೋದದ್ದೂ ಸೀಗಡಿಯೇ.

ಗಡಸು ನೀರಿನ ಮಾತಿಗೂ ಉತ್ತರ ಕೊಡುತ್ತೇನೆ. ನಲ್ಲಿ ನೀರು ನೇರವಾಗಿ ರೀಫ್‌ಗೆ ಆಗುವುದಿಲ್ಲ, ಒಪ್ಪೋಣ. ಕ್ಲೋರಿನ್ ಇರುತ್ತದೆ, ಫಾಸ್ಫೇಟ್, ನೈಟ್ರೇಟ್ ಇರಬಹುದು. ಹಳೆಯ ಪೈಪಿನಿಂದ ತಾಮ್ರದ ಅಂಶ ಬಂದರೆ ಸೀಗಡಿಗೆ, ಹವಳಕ್ಕೆ ವಿಷ. ಅದು ಬೆಂಗಳೂರಿನ ನೀರಿಗೂ ಅನ್ವಯಿಸುತ್ತದೆ ಅಲ್ವಾ? ಅದಕ್ಕೇ ಪ್ಯಾಕೇಜಿನಲ್ಲಿ 6,500 ರೂಪಾಯಿಯ ಆರ್‌ಒ-ಡಿಐ ಫಿಲ್ಟರ್ ಇತ್ತು. ಅದು ಬರಲಿಲ್ಲ. ನಿಮ್ಮ ಹುಡುಗ ನಮ್ಮ ರಸ್ತೆಯ ವಾಟರ್ ಪ್ಲಾಂಟಿನಿಂದ ಕ್ಯಾನ್ ನೀರು ತರಿಸಿ ಸುರಿದರು, ಕ್ಯಾನಿನ ದುಡ್ಡೂ ನಾನೇ ಕೊಟ್ಟೆ. ಆ ನೀರಿನ ಟಿಡಿಎಸ್ (ಕರಗಿರುವ ಲವಣದ ಅಳತೆ) 60 ಇದೆ. ಡಿಐ ದಾಟಿ ಬಂದ ನೀರಿನದು ಸೊನ್ನೆ ಇರಬೇಕು.

ಕರೆಂಟ್ ಹೋಗಿರಬೇಕು ಅನ್ನುವ ಮಾತೂ ಬಂತು. ಬೆಸ್ಕಾಂ ಕರೆಂಟ್ ತೆಗೆಯುತ್ತದೆ, ಅದೇನು ಗುಟ್ಟಲ್ಲ. ಆದರೆ ಪಂಪು, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಫ್ಯಾನು ಮೂರೂ ಇನ್ವರ್ಟರ್ ಮೇಲಿವೆ. ಒಂದು ನಿಮಿಷವೂ ನಿಂತಿಲ್ಲ.

ಇನ್ನೊಂದು ವಿಷಯವನ್ನು ದಾಖಲೆಗೆ ಹಾಕಲೇಬೇಕು. ಆರ್ಡರಿನಲ್ಲಿ ಇದ್ದದ್ದು ಲೆದರ್, ಮಶ್ರೂಮ್, ಜೋವಾಂಥಿಡ್. ಮೂರೂ ಮೆತ್ತಗಿನವು, ಒಳಗೆ ಕಲ್ಲಿನ ಗೂಡಿಲ್ಲ. ಅವುಗಳ ಜೊತೆ ಇನ್ನೊಂದು ಕವರ್ ತೆಗೆದು, "ಇದು ಹ್ಯಾಮರ್, ಕಂಪನಿಯಿಂದ ಫ್ರೀ ಸಾರ್" ಅಂದರು. ಮೇಲೆ ಸುತ್ತಿಗೆ ತಲೆಯ ಆಕಾರದ ತುದಿಗಳು, ಕೆಳಗೆ ಬಿಳೀ ಸುಣ್ಣಕಲ್ಲಿನ ಬುಡ. ಕಲ್ಲಿನ ಗೂಡು ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಇಂಥದ್ದನ್ನು ಮಾರುವುದು ಜೈಲಿಗೆ ಹೋಗುವ ಅಪರಾಧ. ನಾನು ಅದನ್ನು ಟ್ಯಾಂಕಿಗೆ ಹಾಕಲು ಬಿಡಲಿಲ್ಲ, ಅದೇ ಕವರಿನಲ್ಲಿ ವಾಪಸ್ ಕಳಿಸಿ, ಅವತ್ತೇ ನಿಮಗೆ ಇಮೇಲ್ ಮಾಡಿದ್ದೇನೆ. ಹವಳ ನೋಡುವ ಆಸೆಯಾದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಮುಳುಗಿ ನೋಡುತ್ತೇನೆ. ಫ್ರೀ ಅಂತ ಕೊಟ್ಟು ಗ್ರಾಹಕನನ್ನು ಅರಣ್ಯ ಇಲಾಖೆ ಬಾಗಿಲಿಗೆ ಕಳಿಸಬೇಡಿ. ಬಿಲ್ಲಿನಲ್ಲಿ "ಅಸಾರ್ಟೆಡ್ ಕೋರಲ್" ಅಂತ ಬರೆಯುವುದನ್ನು ಬಿಟ್ಟು ಒಂದೊಂದರ ಹೆಸರು ಬರೆದು ಬಿಲ್ ಕೊಡಿ. ಐವತ್ತು ರೂಪಾಯಿ ಮೊಳೆಗೂ ನಾವು ಸೈಜ್ ಬರೆದು ಬಿಲ್ ಹಾಕುತ್ತೇವೆ.

ಇನ್ನು ನಿಮ್ಮ ಗ್ಯಾರಂಟಿ. ಜಾಹೀರಾತಿನಲ್ಲಿ 30 ದಿನದ ಜೀವಂತ ಗ್ಯಾರಂಟಿ. ಕ್ಲೇಮ್ ಕೇಳಿದಾಗ ಮಾತ್ರ, "ಪಾರ್ಸೆಲ್ ಬಂದ ಎರಡು ಗಂಟೆಯೊಳಗೆ ವಿಡಿಯೋ ಕಳಿಸಬೇಕಿತ್ತು." ಪಾರ್ಸೆಲ್ ಬಿಚ್ಚಿದ್ದೇ ನಿಮ್ಮವರು, ನೀರಿಗೆ ಬಿಟ್ಟದ್ದೂ ನಿಮ್ಮವರು. ಎರಡು ಗಂಟೆಯೊಳಗೆ ನಿಮ್ಮ ಹುಡುಗ ನಮ್ಮ ಮನೆಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಚಿಕ್ಕ ವಯಸ್ಸು, ಮಾತು ಮೆದು. ಒಂದೇ ದಿನದಲ್ಲಿ ಮುಗಿಸಿ ಬಾ ಅಂತ ಕಳಿಸಿದವರು ಅವರಲ್ಲ.

ನನಗೆ ಬೇಕಾದದ್ದು ಇಷ್ಟು. ಸತ್ತ ಮೀನು, ಹವಳದ 11,200 ರೂಪಾಯಿ ಮತ್ತು ಅಳವಡಿಕೆ ಶುಲ್ಕ 3,500 ರೂಪಾಯಿ, ಎರಡೂ ನನ್ನ ಖಾತೆಗೆ ವಾಪಸ್ ಬರಬೇಕು. ಕ್ರೆಡಿಟ್ ನೋಟ್, ಕೂಪನ್ ಬೇಡ. ಚಿಲ್ಲರ್ ಮತ್ತು ಆರ್‌ಒ-ಡಿಐ ಹದಿನೈದು ದಿನದೊಳಗೆ ಕಳಿಸಿ, ಆಗದಿದ್ದರೆ ಅವುಗಳ 25,500 ರೂಪಾಯಿಯನ್ನೂ ಸೇರಿಸಿ ಕೊಡಿ. ಕಡಿಮೆ ಬಿದ್ದ ಉಪ್ಪು ಕಳಿಸಿ. ಬದಲಿ ಮೀನು ಕಳಿಸುತ್ತೇವೆ ಅಂತ ಮಾತ್ರ ಸದ್ಯ ಹೇಳಬೇಡಿ. ಟ್ಯಾಂಕನ್ನು ಖಾಲಿಯಾಗಿ ಓಡಿಸುತ್ತಿದ್ದೇನೆ, ಅಮೋನಿಯಾ ಸೊನ್ನೆ ಆಗುವವರೆಗೆ ಅದರಲ್ಲಿ ಏನೂ ಬಿಡುವುದಿಲ್ಲ.

ಆನ್‌ಲೈನ್ ಮಾರಾಟಗಾರರು ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಅದು ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ದಾವಣಗೆರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ಕೇಸು ಹಾಕಬಹುದು. ಆಗ ನಿಮ್ಮವರು ಪ್ರತಿ ವಾಯಿದೆಗೂ ಇದೇ ಬಿಸಿಲಿನಲ್ಲಿ ಇಲ್ಲಿಗೆ ಬರಬೇಕಾಗುತ್ತದೆ.

ಕೊಟೇಶನ್, ಬಿಲ್, ಸಹಿ ಇರುವ ಚೀಟಿ, ಉಪ್ಪಿನ ಕವರ್ ಮತ್ತು ಥರ್ಮಾಮೀಟರಿನ ಫೋಟೋ, ಟೆಸ್ಟ್ ಕಿಟ್ ಬಣ್ಣದ ಫೋಟೋ ಇದರ ಜೊತೆ ಲಗತ್ತಿಸಿದ್ದೇನೆ. ನನ್ನ ನಂಬರ್ ನಿಮ್ಮ ಆರ್ಡರಿನಲ್ಲಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಗಿರಾಕಿ ಕಡಿಮೆ, ಆಗ ಫೋನ್ ಮಾಡಿದರೆ ಸಮಾಧಾನವಾಗಿ ಮಾತಾಡಬಹುದು. ಕಸ್ಟಮರ್ ಕೇರ್‌ನವರು ಬೇಡ, ಟ್ಯಾಂಕ್ ಬಗ್ಗೆ ಗೊತ್ತಿರುವವರು ಮಾಡಲಿ.

ಇಂತಿ,
ನಿಮ್ಮ ಗ್ರಾಹಕ
ದಾವಣಗೆರೆ